ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಮನೆಯ ಸರ್ವರ್ ಸಿಗುತ್ತಿಲ್ಲ

ಹೊಸಗೂಡು
ಎಲ್ಲರಿಗೂ ನಮಸ್ಕಾರ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಡಾಕರ್‌ನಲ್ಲಿ (ಆ್ಯಪ್‌ಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಫೋಟೋ ಇಡುವ ಇಮ್ಮಿಚ್ ಮತ್ತು ವಿಡಿಯೋ ನೋಡುವ ಜೆಲ್ಲಿಫಿನ್ ಓಡಿಸುತ್ತಿದ್ದೇನೆ. ಮನೆಯವರೆಲ್ಲರ ಫೋನಿನ ಫೋಟೋಗಳು ನಮ್ಮದೇ ಡಿಸ್ಕ್‌ಗೆ ಬಂದು ಸೇರಬೇಕು ಅನ್ನುವುದು ನನ್ನ ಆಸೆ. ಮನೆಯ ವೈಫೈನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ. ಹೊರಗೆ ಹೋದರೆ ಮಾತ್ರ ಸಿಗುವುದಿಲ್ಲ.

ರೂಟರ್‌ನಲ್ಲಿ ಇಮ್ಮಿಚ್‌ನ 2283 ಪೋರ್ಟ್ ಅನ್ನು ಸರ್ವರ್‌ಗೆ ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಹೊರಗಿನಿಂದ ಆ ಪೋರ್ಟ್‌ಗೆ ಬಂದದ್ದು ಸರ್ವರ್‌ಗೆ ಹೋಗಬೇಕು. ಸರ್ವರ್‌ನ ಐಪಿ ಬದಲಾಗದ ಹಾಗೆ ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಿದ್ದೇನೆ. ಹೊರಗಿನ ಐಪಿ ಬದಲಾದರೂ ಹಿಂಬಾಲಿಸುವ ಡೈನಾಮಿಕ್ ಡಿಎನ್‌ಎಸ್ ಹೆಸರೂ ಇದೆ. ಆದರೂ ಮೊಬೈಲ್ ಡೇಟಾದಿಂದ ತೆರೆದರೆ ಸುಮ್ನೆ ಸುತ್ತುತ್ತಾ ಇರುತ್ತದೆ, ಕೊನೆಗೆ ಟೈಮ್‌ಔಟ್. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಅಷ್ಟೇ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಇದು?

ಇನ್ನೊಂದು ವಿಷಯ. ಬ್ಯಾಕಪ್‌ಗೆ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಹಾಕಿ, ರಾತ್ರಿ ಆರ್‌ಸಿಂಕ್ (ಫೈಲ್ ನಕಲು ಮಾಡುವ ಕಮಾಂಡ್) ಓಡುವ ಹಾಗೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವುದು) ಬರೆದಿದ್ದೇನೆ. ಅಷ್ಟು ಸಾಕಲ್ವಾ?

ಪ್ಯಾಕೆಟ್‌ಪಯಣ
ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕೊಡುವವರು ರೂಟರ್‌ಗೆ ಕೊಟ್ಟ ವಿಳಾಸ) ಅಂತ ಇರುತ್ತದೆ. ಅದರ ಮೊದಲ ಎರಡು ಸಂಖ್ಯೆ ಮಾತ್ರ ಹೇಳಿ. ಪೂರ್ತಿ ಇಲ್ಲಿ ಹಾಕಬೇಡಿ.

ಹೊಸಗೂಡು
100.81 ಅಂತ ಇದೆ. ಆದರೆ ನನ್ನ ಐಪಿ ಏನು ಅಂತ ಆನ್‌ಲೈನ್‌ನಲ್ಲಿ ನೋಡಿದರೆ ಬೇರೆಯೇ ತೋರಿಸುತ್ತದೆ.

ಪ್ಯಾಕೆಟ್‌ಪಯಣ
ಹಾಗಾದರೆ ನೀವು ಮಾಡಿದ್ದೆಲ್ಲ ಸರಿಯೇ ಇದೆ. ನೀವು ಇರುವುದು ಸಿಜಿನ್ಯಾಟ್ ಹಿಂದೆ.

ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ನಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. ಅದರಲ್ಲೂ ಬಳಕೆಗೆ ಸಿಗುವುದು ಇನ್ನೂ ಕಡಿಮೆ. ಅದಕ್ಕೆ ಇಂಟರ್ನೆಟ್ ಕೊಡುವವರು ಒಂದೇ ಪಬ್ಲಿಕ್ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ, ಇದೇ ಸಿಜಿನ್ಯಾಟ್. ನಿಮ್ಮ ರೂಟರ್‌ಗೆ ಸಿಗುವುದು ಅವರ ಒಳಗಿನ ವಿಳಾಸ. 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಇದಕ್ಕೇ ಅಂತ ಎತ್ತಿಟ್ಟಿದ್ದಾರೆ. ನೀವು ಪೋರ್ಟ್ ಫಾರ್ವರ್ಡ್ ಮಾಡಿ ತೆರೆದದ್ದು ಒಳಕೋಣೆಯ ಬಾಗಿಲು. ಬೀದಿ ಬಾಗಿಲಿನ ಬೀಗದ ಕೈ ಅವರ ಹತ್ತಿರ ಇದೆ. ನಿಮ್ಮ ಡೈನಾಮಿಕ್ ಡಿಎನ್‌ಎಸ್ ಹೆಸರು ಹೊರಗಿನ ಆ ವಿಳಾಸಕ್ಕೆ ಸರಿಯಾಗಿಯೇ ಹೋಗಿ ತಲುಪುತ್ತದೆ. ಅಲ್ಲಿಂದ ಮುಂದೆ ಯಾರ ಮನೆಗೆ ಕಳಿಸಬೇಕು ಅಂತ ಅವರ ಯಂತ್ರಕ್ಕೆ ಗೊತ್ತಿಲ್ಲ.

ಇರುಳುಗೂಬೆ
ಪಬ್ಲಿಕ್ ಐಪಿ ಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಕೆಲವರು ಸುಮ್ನೆ ಕೊಡುತ್ತಾರೆ, ಕೆಲವರು ತಿಂಗಳಿಗೆ ಇಷ್ಟು ಅಂತ ತೆಗೆದುಕೊಂಡು ಕೊಡುತ್ತಾರೆ. ಫೋನ್ ಎತ್ತುವವರ ಹತ್ತಿರ "ಸಿಜಿನ್ಯಾಟ್‌ನಿಂದ ತೆಗೆಯಿರಿ" ಅನ್ನುವ ಮಾತನ್ನೇ ಹೇಳಬೇಕು. ಸರ್ವರ್, ಫೋಟೋ ಅಂತ ಕತೆ ಹೇಳಿದರೆ ಮತ್ತೆ ರೂಟರ್ ಆಫ್ ಮಾಡಿ ಅಂತಲೇ ಬರುತ್ತದೆ.

ಬೀಗದಕೈ
ನನ್ನ ಮಾತು ಬೇರೆ. ಸಿಜಿನ್ಯಾಟ್ ಇರುವುದರಿಂದ ಇವರಿಗೆ ಒಳ್ಳೆಯದೇ ಆಗಿದೆ. 2283 ಪೋರ್ಟ್ ನೆಟ್ಟಗೆ ಇಂಟರ್ನೆಟ್‌ಗೆ ತೆರೆಯುವುದು ಅಂದರೆ, ಎಚ್‌ಟಿಟಿಪಿಎಸ್ ಕೂಡ ಇಲ್ಲದೆ ಲಾಗಿನ್ ಪುಟವನ್ನು ಊರಿಗೆಲ್ಲ ತೋರಿಸುವುದು. ಪಾಸ್‌ವರ್ಡ್ ದಾರಿಯುದ್ದಕ್ಕೂ ಹಾಗೇ ಬಿಚ್ಚಿಕೊಂಡು ಹೋಗುತ್ತದೆ. ಪೋರ್ಟ್ ತೆರೆದ ಸ್ವಲ್ಪ ಹೊತ್ತಿಗೇ ಬಾಟ್‌ಗಳು ಬಂದು ತಟ್ಟಲು ಶುರು ಮಾಡುತ್ತವೆ. ಯಾರೂ ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ. ಅವು ಐಪಿವಿ4 ವಿಳಾಸಗಳನ್ನೆಲ್ಲ ಸಾಲಾಗಿ ತಟ್ಟುತ್ತಲೇ ಇರುತ್ತವೆ.

ಮನೆಯವರ ಫೋಟೋ ಇರುವ ಯಂತ್ರ ಇದು. ವೈರ್‌ಗಾರ್ಡ್ ಹಾಕಿ, ಅದೊಂದು ವಿಪಿಎನ್, ಅಂದರೆ ಹೊರಗಿನಿಂದ ಮನೆಗೆ ಎನ್‌ಕ್ರಿಪ್ಟ್ ಆದ ದಾರಿ. ಅದರ ಒಂದು ಗುಣ ನನಗೆ ತುಂಬಾ ಇಷ್ಟ. ಸರಿಯಾದ ಕೀ ಇಲ್ಲದವರು ಪ್ಯಾಕೆಟ್ ಕಳಿಸಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. "ಅನುಮತಿ ಇಲ್ಲ" ಅಂತಲೂ ಹೇಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನಾದರೂ ಇದೆ ಅಂತಲೇ ತಿಳಿಯುವುದಿಲ್ಲ. 2020ರಲ್ಲಿ ಲಿನಕ್ಸ್ 5.6 ಕರ್ನಲ್‌ಗೇ ಅದನ್ನು ಸೇರಿಸಿದರು. ಹಾಗಾಗಿ ಡೆಬಿಯನ್‌ನಲ್ಲಿ ಬೇರೆ ಮಾಡ್ಯೂಲ್ ಹಾಕುವ ಕೆಲಸವೂ ಇಲ್ಲ.

ಲೋಡ್‌ಆವರೇಜ್
ಸಿಜಿನ್ಯಾಟ್ ಹಿಂದೆ ವೈರ್‌ಗಾರ್ಡ್‌ಗೂ ಒಳಗೆ ಬರಲು ದಾರಿ ಇಲ್ಲವಲ್ಲ ಸರ್. ಅದಕ್ಕೂ ಯುಡಿಪಿ ಪೋರ್ಟ್ ಒಂದು ತೆರೆದಿರಬೇಕು.

ಬೀಗದಕೈ
ನಿಜ. ಅದಕ್ಕೆ ಟೇಲ್‌ಸ್ಕೇಲ್. ಒಳಗಿರುವುದು ಅದೇ ವೈರ್‌ಗಾರ್ಡ್. ಎರಡೂ ಕಡೆಯಿಂದ ಹೊರಗೆ ಹೋಗುವ ಸಂಪರ್ಕ ಮಾಡಿಸಿ, ನಡುವೆ ಜೋಡಿಸುತ್ತದೆ. ಆದಷ್ಟೂ ಎರಡು ಸಾಧನಗಳ ನಡುವೆ ನೇರವಾಗಿ ಹೋಗುತ್ತದೆ. ಆಗದಿದ್ದರೆ ಅವರ ರಿಲೇ ಮೂಲಕ ಹೋಗುತ್ತದೆ. ಆಗಲೂ ನಡುವಿನವರಿಗೆ ಒಳಗಿನದು ಓದಲು ಆಗುವುದಿಲ್ಲ, ಕೀ ಇರುವುದು ನಿಮ್ಮ ಸಾಧನಗಳಲ್ಲೇ. ಅವರ ನಿಯಂತ್ರಣ ಸರ್ವರ್ ಬೇಡ ಅನ್ನಿಸಿದರೆ ಹೆಡ್‌ಸ್ಕೇಲ್ ಅಂತ ಇದೆ, ಅದನ್ನು ನಾವೇ ಓಡಿಸಬಹುದು.

ಇರುಳುಗೂಬೆ
ಮನೆಯ ಹಿರಿಯರ ಫೋನಿನಲ್ಲಿ ವಿಪಿಎನ್ ಯಾವಾಗಲೂ ಆನ್ ಇರಬೇಕು ಅಂತ ಯಾರು ನೋಡಿಕೊಳ್ಳುವುದು? ಬ್ಯಾಟರಿ ಉಳಿಸಲು ಫೋನೇ ಅದನ್ನು ನಿಲ್ಲಿಸುತ್ತದೆ. ಆಮೇಲೆ ಫೋಟೋ ಹೋಗುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಮನೆಯವರು ಬಳಸದ ಸರ್ವರ್ ಇದ್ದೇನು ಬಿಟ್ಟೇನು? ರಿವರ್ಸ್ ಪ್ರಾಕ್ಸಿ (ಮುಂದೆ ನಿಂತು ಬಂದವರನ್ನು ಒಳಗಿನ ಆ್ಯಪ್‌ಗೆ ಕಳಿಸುವ ತಂತ್ರಾಂಶ) ಇಟ್ಟು, ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಹಾಕಿ, ಎಚ್‌ಟಿಟಿಪಿಎಸ್‌ನ 443 ಪೋರ್ಟ್ ಒಂದನ್ನೇ ತೆರೆದರೆ ಭಯ ಪಡುವಂಥದ್ದು ಏನೂ ಇಲ್ಲ. ಇಡೀ ಇಂಟರ್ನೆಟ್ ಹೀಗೇ ನಡೆಯುತ್ತಿದೆ ಅಲ್ವಾ?

ಬೀಗದಕೈ
ಇಂಟರ್ನೆಟ್ ನಡೆಸುವವರಿಗೆ ಅದೇ ಕೆಲಸ, ಸಂಬಳ ತೆಗೆದುಕೊಂಡು ದಿನವಿಡೀ ನೋಡಿಕೊಳ್ಳುತ್ತಾರೆ. ನಾವು ಕೆಲಸ ಮುಗಿಸಿ ಬಂದು ಸಂಜೆ ನೋಡುವವರು. ಇಮ್ಮಿಚ್‌ನಲ್ಲಿ ನಾಳೆ ಒಂದು ತೂತು ಸಿಕ್ಕಿತು ಅಂತ ಇಟ್ಟುಕೊಳ್ಳಿ. ನೀವು ಅಪ್‌ಡೇಟ್ ಮಾಡುವವರೆಗೆ ಅದು ತೆರೆದೇ ಇರುತ್ತದೆ. ವಿಪಿಎನ್ ಹಿಂದೆ ಇದ್ದರೆ ಆ ಅವಸರ ಇಲ್ಲ. ಬ್ಯಾಟರಿ ವಿಷಯ ಒಪ್ಪುತ್ತೇನೆ. ಆದರೆ ಅದಕ್ಕೆ ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದರೆ ಮುಗಿಯಿತು. ಸಂಜೆ ಮನೆಗೆ ಬಂದಮೇಲೆ ವೈಫೈನಲ್ಲಿ ಹೇಗೂ ಫೋಟೋ ಹೋಗುತ್ತದೆ.

ತಂತಿಮನೆ
ಕ್ಲೌಡ್‌ಫ್ಲೇರ್ ಟನಲ್ (ಅವರ ಸರ್ವರ್‌ಗಳ ಮೂಲಕ ಮನೆಗೆ ದಾರಿ) ಯಾಕೆ ಯಾರೂ ಹೇಳಲಿಲ್ಲ? ಸಿಜಿನ್ಯಾಟ್ ಇದ್ದರೂ ಕೆಲಸ ಮಾಡುತ್ತದೆ, ಪೋರ್ಟ್ ತೆರೆಯಬೇಕಾಗಿಲ್ಲ.

ಪ್ಯಾಕೆಟ್‌ಪಯಣ
ಸಣ್ಣ ವೆಬ್‌ಸೈಟ್‌ಗೆ ಒಳ್ಳೆಯದು. ಫೋಟೋಗೆ ಬೇಡ. ಉಚಿತ ಪ್ಲಾನ್‌ನಲ್ಲಿ ಒಂದು ಅಪ್‌ಲೋಡ್ 100 ಎಂಬಿ ದಾಟುವಂತಿಲ್ಲ. ಫೋಟೋ ಎಲ್ಲ ಹೋಗುತ್ತವೆ, ಉದ್ದದ ವಿಡಿಯೋ ಮಾತ್ರ ಹೋಗದೆ ಉಳಿಯುತ್ತದೆ. ಯಾಕೆ ಅಂತ ಹೊಳೆಯುವುದೇ ಇಲ್ಲ, ತಲೆ ಕೆರೆದುಕೊಳ್ಳುತ್ತಾ ಕೂರಬೇಕು. ಇನ್ನೊಂದು, ಎನ್‌ಕ್ರಿಪ್ಷನ್ ಅವರ ಕಡೆ ಬಿಚ್ಚಿ ಮತ್ತೆ ಕಟ್ಟುತ್ತದೆ. ಫೋಟೋ ಯಾರ ಕೈಗೂ ಹೋಗಬಾರದು ಅಂತ ಮನೆಯಲ್ಲಿ ಸರ್ವರ್ ಇಟ್ಟವರಿಗೆ ಇದು ಸರಿ ಹೋಗುವುದಿಲ್ಲ.

ಹೊಸಗೂಡು
ಟೇಲ್‌ಸ್ಕೇಲ್ ನೋಡುತ್ತೇನೆ. ಒಂದು ಸಣ್ಣ ಅನುಮಾನ. ಸರ್ವರ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಬಿಟ್ಟು ಉಳಿದದ್ದೆಲ್ಲ ಮುಚ್ಚಿದ್ದೇನೆ. 2283ಕ್ಕೂ ಅನುಮತಿ ಕೊಟ್ಟಿಲ್ಲ. ಆದರೂ ಮನೆಯ ಬೇರೆ ಲ್ಯಾಪ್‌ಟಾಪ್‌ನಿಂದ ಇಮ್ಮಿಚ್ ತೆರೆಯುತ್ತದೆ. ಇದು ಹೇಗೆ?

ಲೋಡ್‌ಆವರೇಜ್
ಇದನ್ನು ಎಲ್ಲರೂ ಓದಬೇಕು. ಡಾಕರ್ ತನ್ನ ಪೋರ್ಟ್‌ಗಳನ್ನು ತೆರೆಯಲು ಲಿನಕ್ಸ್‌ನ ಒಳಗಿನ ಫೈರ್‌ವಾಲ್ ನಿಯಮಗಳಾದ ಐಪಿಟೇಬಲ್ಸ್‌ನಲ್ಲಿ ತಾನೇ ನಿಯಮ ಬರೆಯುತ್ತದೆ. ಆ ದಾರಿ ಯುಎಫ್‌ಡಬ್ಲ್ಯು ನಿಯಮಗಳನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಯುಎಫ್‌ಡಬ್ಲ್ಯು ಎಲ್ಲ ಮುಚ್ಚಿದೆ ಅಂತ ತೋರಿಸುತ್ತಿದ್ದರೂ ಕಂಟೇನರ್ ಪೋರ್ಟ್ ತೆರೆದಿರುತ್ತದೆ. ಡಾಕರ್‌ನ ಸೆಟ್ಟಿಂಗ್ ಇರುವ ಕಂಪೋಸ್ ಫೈಲ್‌ನಲ್ಲಿ 2283ರ ಮುಂದೆ 127.0.0.1 ಸೇರಿಸಿ. ಆಗ ಅದು ಅದೇ ಯಂತ್ರದ ಒಳಗೆ ಮಾತ್ರ ಸಿಗುತ್ತದೆ. ಅದರ ಮುಂದೆ ರಿವರ್ಸ್ ಪ್ರಾಕ್ಸಿ ಇಡಿ. ಬಾಡಿಗೆ ಸರ್ವರ್‌ಗಳಲ್ಲಿ ಡೇಟಾಬೇಸ್ ಪೋರ್ಟ್‌ಗಳು ತೆರೆದು ಬಿದ್ದಿರುವುದಕ್ಕೆ ಇದೂ ಒಂದು ಕಾರಣ.

ಸಾಲುದೀಪ
ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಇದ್ದರೆ ಈ ತಾಪತ್ರಯ ಯಾವುದೂ ಇಲ್ಲ. ಪ್ರತಿ ಸಾಧನಕ್ಕೂ ಪಬ್ಲಿಕ್ ವಿಳಾಸ. ಪೋರ್ಟ್ ಫಾರ್ವರ್ಡ್ ಅನ್ನುವ ಮಾತೇ ಇಲ್ಲ. ರೂಟರ್‌ನ ಫೈರ್‌ವಾಲ್‌ನಲ್ಲಿ ಆ ಸರ್ವರ್‌ಗೆ, ಆ ಪೋರ್ಟ್‌ಗೆ ಮಾತ್ರ ಅನುಮತಿ ಕೊಟ್ಟರೆ ಸಾಕು. ವೈರ್‌ಗಾರ್ಡ್ ಕೂಡ ನೇರವಾಗಿ ನಡೆಯುತ್ತದೆ.

ಪ್ಯಾಕೆಟ್‌ಪಯಣ
ನೀವು ಹೋದ ಕಡೆಯ ವೈಫೈನಲ್ಲೂ ಐಪಿವಿ6 ಇರಬೇಕಲ್ಲ. ಮೊಬೈಲ್ ಡೇಟಾದಲ್ಲಿ ಸಿಗುತ್ತದೆ, ಆಫೀಸ್ ವೈಫೈನಲ್ಲಿ ಎಷ್ಟೋ ಕಡೆ ಇರುವುದಿಲ್ಲ. ನಮಗೆ ಸಿಗುವ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಆಗಾಗ ಬದಲಾದರೆ ಫೈರ್‌ವಾಲ್ ನಿಯಮವೂ ಕೆಡುತ್ತದೆ. ಇದ್ದರೆ ಬಳಸಿ, ಅದೊಂದನ್ನೇ ನಂಬಿ ಕೂರಬೇಡಿ.

ಡಿಸ್ಕಕ್ಕ
ಹೊರಗಿನಿಂದ ಸಿಗುವುದರ ಬಗ್ಗೆ ಇಷ್ಟು ಮಾತಾಯಿತು. ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಹೊರಗಿನಿಂದ ಫೋಟೋ ಕಾಣದಿದ್ದರೆ ಮನೆಗೆ ಬಂದು ನೋಡಬಹುದು. ಡಿಸ್ಕ್ ಹೋದರೆ ಎಲ್ಲಿಗೆ ಹೋಗಿ ನೋಡುವುದು?

ಯುಎಸ್‌ಬಿ ಡಿಸ್ಕ್, ಆರ್‌ಸಿಂಕ್, ಕ್ರಾನ್. ಈ ಜೋಡಿಯಲ್ಲಿ ಒಂದು ಕುಣಿಕೆ ಇದೆ. ಕೇಬಲ್ ಸಡಿಲವಾಗಿ ಅಥವಾ ಪವರ್ ಸಾಲದೆ ಡಿಸ್ಕ್ ಕಳಚಿಕೊಂಡಿತು ಅಂತ ಇಟ್ಟುಕೊಳ್ಳಿ. ಡಿಸ್ಕ್ ಮೌಂಟ್ ಆಗುವ, ಅಂದರೆ ಬಂದು ಕೂಡಿಕೊಳ್ಳುವ, ಜಾಗದಲ್ಲಿ ಆಗ ಉಳಿಯುವುದು ಒಂದು ಖಾಲಿ ಫೋಲ್ಡರ್. ಆ ಫೋಲ್ಡರ್ ಇರುವುದು ಸಿಸ್ಟಂ ಡಿಸ್ಕ್‌ನಲ್ಲಿ. ಆರ್‌ಸಿಂಕ್‌ಗೆ ಇದು ಗೊತ್ತಿಲ್ಲ. ರಾತ್ರಿ ಎಲ್ಲ ಫೋಟೋಗಳನ್ನೂ ಅದರೊಳಗೆ ಸುರಿಯುತ್ತದೆ. ಬೆಳಗ್ಗೆ ಹೊತ್ತಿಗೆ ಸಿಸ್ಟಂ ಡಿಸ್ಕ್ ಪೂರ್ತಿ ತುಂಬಿ, ಡೇಟಾಬೇಸ್ ಬರೆಯಲು ಜಾಗ ಇಲ್ಲದೆ ನಿಂತಿರುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ. ಜಾಗ ಸಾಕಷ್ಟು ಇದ್ದರೆ ಏನೂ ನಿಲ್ಲುವುದಿಲ್ಲ. ಬ್ಯಾಕಪ್ ಆಗುತ್ತಿದೆ ಅಂತ ನೀವು ತಿಂಗಳುಗಟ್ಟಲೆ ನಿಶ್ಚಿಂತೆಯಾಗಿ ಇರುತ್ತೀರಿ. ಎರಡೂ ಪ್ರತಿ ಇರುವುದು ಒಂದೇ ಯಂತ್ರದ ಒಳಗೆ.

ಹಾಗಾಗಿ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಆ ಜಾಗ ನಿಜವಾಗಿ ಮೌಂಟ್ ಆಗಿದೆಯಾ ಅಂತ ನೋಡಿ, ಆಗಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಫೋನಿಗೆ ಸಂದೇಶ ಬರುವ ಹಾಗೆ ಮಾಡಿ. ಬೂಟ್ ಆಗುವಾಗ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್ ಅನ್ನು ಅದರದೇ ಗುರುತು ಸಂಖ್ಯೆಯಾದ ಯುಯುಐಡಿಯಿಂದ ಗುರುತಿಸಿ. ನೋಫೇಲ್ ಅಂತಲೂ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ಸರ್ವರ್ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ. ಮಾನಿಟರ್ ಇಲ್ಲದ ಸರ್ವರ್ ಮುಂದೆ ಆಗ ಏನೂ ತಿಳಿಯುವುದಿಲ್ಲ.

ಮೂರನೇಪ್ರತಿ
ಅಕ್ಕ ಹೇಳಿದ್ದು ಸರಿ. ನಾನು ಇನ್ನೊಂದು ಸೇರಿಸುತ್ತೇನೆ. ಆರ್‌ಸಿಂಕ್‌ಗೆ ಡಿಲೀಟ್ ಆಯ್ಕೆ ಕೊಟ್ಟಿದ್ದರೆ ಅದು ಕನ್ನಡಿ ಮಾತ್ರ. ಇವತ್ತು ಯಾರೋ ಒಂದು ಆಲ್ಬಂ ಅಳಿಸಿದರೆ ರಾತ್ರಿ ಬ್ಯಾಕಪ್‌ನಲ್ಲೂ ಅಳಿಯುತ್ತದೆ. ರೆಸ್ಟಿಕ್ ಅಥವಾ ಬೋರ್ಗ್ ಅನ್ನುವ ಬ್ಯಾಕಪ್ ತಂತ್ರಾಂಶ ಬಳಸಿ. ಎರಡೂ ಸ್ನ್ಯಾಪ್‌ಶಾಟ್ (ಆಯಾ ಹೊತ್ತಿನ ಸ್ಥಿತಿಯ ಪ್ರತಿ) ಇಡುತ್ತವೆ, ಬದಲಾದದ್ದನ್ನು ಮಾತ್ರ ಬರೆಯುತ್ತವೆ, ಎನ್‌ಕ್ರಿಪ್ಟ್ ಮಾಡುತ್ತವೆ. ಎನ್‌ಕ್ರಿಪ್ಟ್ ಆಗಿರುವುದರಿಂದ ಒಂದು ಪ್ರತಿಯನ್ನು ಅಣ್ಣನ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಇಡಲು ಹಿಂಜರಿಕೆ ಬೇಕಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ.

ಇಮ್ಮಿಚ್‌ನಲ್ಲಿ ಫೋಟೋ ಫೋಲ್ಡರ್ ಒಂದನ್ನೇ ಉಳಿಸಿದರೆ ಸಾಲದು. ಆಲ್ಬಂ, ಮುಖ ಗುರುತಿಸಿದ್ದು, ಹೆಸರು ಕೊಟ್ಟಿದ್ದು ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇರುತ್ತವೆ. ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಹಾಗೇ ನಕಲು ಮಾಡಬಾರದು, ಅರ್ಧ ಬರೆದ ಸ್ಥಿತಿಯಲ್ಲಿ ಸಿಗಬಹುದು. ಡಂಪ್, ಅಂದರೆ ಡೇಟಾಬೇಸ್‌ನಿಂದಲೇ ಕೇಳಿ ಪಡೆದ ಪ್ರತಿ, ತೆಗೆಯಬೇಕು. ಇಮ್ಮಿಚ್ ತಾನೇ ದಿನಾ ಡಂಪ್ ತೆಗೆದು ಅಪ್‌ಲೋಡ್ ಜಾಗದಲ್ಲೇ ಬ್ಯಾಕಪ್ಸ್ ಅನ್ನುವ ಫೋಲ್ಡರ್‌ನಲ್ಲಿ ಇಡುತ್ತದೆ. ಅದೂ ನಿಮ್ಮ ಬ್ಯಾಕಪ್‌ನಲ್ಲಿ ಬರುತ್ತಿದೆಯಾ ನೋಡಿ.

ತಂತಿಮನೆ
ನನ್ನ ಹತ್ತಿರ ರೇಡ್ 1 ಇದೆ, ಎರಡು ಡಿಸ್ಕ್‌ನಲ್ಲೂ ಅದೇ ಡೇಟಾ. ಅಷ್ಟು ಸಾಕಲ್ವಾ?

ಡಿಸ್ಕಕ್ಕ
ಒಂದು ಡಿಸ್ಕ್ ಸತ್ತರೂ ಸರ್ವರ್ ನಿಲ್ಲಬಾರದು ಅಂದರೆ ರೇಡ್ ಬೇಕು. ಅಳಿಸಿದ್ದು, ರ‍್ಯಾನ್ಸಮ್‌ವೇರ್ ಹಾಳು ಮಾಡಿದ್ದು, ಸಿಡಿಲು ಹೊಡೆದದ್ದು, ಎರಡಕ್ಕೂ ಒಟ್ಟಿಗೇ ಆಗುತ್ತದೆ. ಸಾಲದು.

ಮೂರನೇಪ್ರತಿ
ಮತ್ತೆ ಒಂದು ಫೋಲ್ಡರ್ ಆದರೂ ವಾಪಸ್ ತೆಗೆದು ನೋಡಿ. ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆಗೆದರೆ ಇನ್ನೂ ಒಳ್ಳೆಯದು. ರೆಸ್ಟಿಕ್ ಪಾಸ್‌ವರ್ಡ್ ಅದೇ ಸರ್ವರ್‌ನಲ್ಲಿ ಮಾತ್ರ ಬರೆದಿಟ್ಟಿದ್ದರೆ, ಸರ್ವರ್ ಹೋದ ದಿನ ಬ್ಯಾಕಪ್ ಕೈಯಲ್ಲಿದ್ದೂ ತೆರೆಯಲು ಆಗುವುದಿಲ್ಲ. ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ.

ಹೊಸಗೂಡು
ತುಂಬಾ ಉಪಕಾರ ಆಯಿತು ಅಕ್ಕ, ಮೌಂಟ್ ಪರೀಕ್ಷೆ ಇವತ್ತೇ ಸೇರಿಸುತ್ತೇನೆ. ಇನ್ನೊಂದು ಗಮನಕ್ಕೆ ಬಂತು. ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ದೊಡ್ಡ ಫೈಲ್ ಹಾಕಿದರೆ ಸೆಕೆಂಡಿಗೆ 11 ಎಂಬಿಗಿಂತ ಜಾಸ್ತಿ ಹೋಗುವುದಿಲ್ಲ. ಎರಡೂ ಕೇಬಲ್‌ನಲ್ಲೇ ಇವೆ. ರೂಟರ್ ಗಿಗಾಬಿಟ್. ಹಳೆಯ ಡಿಸ್ಕ್ ಕಾರಣ ಇರಬಹುದಾ?

ತಂತಿಮನೆ
11 ಅಂದ ಕೂಡಲೇ ಗೊತ್ತಾಗುತ್ತದೆ. ಡಿಸ್ಕ್ ಅಲ್ಲ, ಕೇಬಲ್. 100 ಎಂಬಿಪಿಎಸ್ ಲಿಂಕ್‌ನಲ್ಲಿ ಸಿಗುವುದೇ ಹನ್ನೊಂದು ಚಿಲ್ಲರೆ. ಗಿಗಾಬಿಟ್ ಸರಿಯಾಗಿದ್ದರೆ 110ರ ಹತ್ತಿರ ಬರಬೇಕು.

ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕು ಜೊತೆ ತಂತಿಯೂ ಬೇಕು, ಎಂಟೂ ಸರಿಯಾಗಿ ಮುಟ್ಟಬೇಕು. 100ಕ್ಕೆ ಎರಡೇ ಜೊತೆ ಸಾಕು, 1, 2, 3, 6ನೇ ಪಿನ್. ಹಾಗಾಗಿ ನೀಲಿ ಅಥವಾ ಕಂದು ಜೊತೆಯಲ್ಲಿ ಒಂದು ತಂತಿ ಕೈಕೊಟ್ಟರೆ ನೆಟ್ ನಿಲ್ಲುವುದಿಲ್ಲ. ಎರಡು ಕಡೆಯ ಯಂತ್ರಗಳೂ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಸರ್ವರ್‌ನಲ್ಲಿ ಎತ್‌ಟೂಲ್ ಕಮಾಂಡ್ ಓಡಿಸಿ ಸ್ಪೀಡ್ ಸಾಲು ನೋಡಿ. 100 ಅಂತ ಇದ್ದರೆ ಕನೆಕ್ಟರ್ ಅನ್ನು ಬೆಳಕಿಗೆ ಹಿಡಿದು ತುದಿಯಿಂದ ನೋಡಿ. ಎಂಟು ತಂತಿಯ ತಾಮ್ರದ ತುದಿಯೂ ಪ್ಲಾಸ್ಟಿಕ್ ಗೋಡೆಗೆ ತಾಗಿರಬೇಕು. ಒಂದು ಸ್ವಲ್ಪ ಹಿಂದೆ ಉಳಿದಿದ್ದರೆ ಆ ಪಿನ್ ಅದನ್ನು ಕಚ್ಚಿರುವುದಿಲ್ಲ. ಕತ್ತರಿಸಿ ಹೊಸ ಕನೆಕ್ಟರ್ ಒತ್ತುವುದೇ ದಾರಿ. ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಹೊರುತ್ತದೆ. ಮನೆಯೊಳಗೆ ಅದಕ್ಕಿಂತ ದುಬಾರಿ ಕೇಬಲ್ ತಂದರೆ ವೇಗ ಜಾಸ್ತಿ ಆಗುವುದಿಲ್ಲ.

ಹೊಸಗೂಡು
ನೋಡಿದೆ, 100 ಅಂತಲೇ ಇದೆ! ರೂಟರ್ ಜೊತೆ ಬಂದಿದ್ದ ಕೇಬಲ್ ಹಾಕಿದ ಕೂಡಲೇ 1000 ಆಯಿತು.

ಸಾಲುದೀಪ
ಇದೇ ಸಮಯದಲ್ಲಿ ಮನೆಯ ಸಬ್‌ನೆಟ್ (ಮನೆಯೊಳಗಿನ ಐಪಿ ವಿಳಾಸಗಳ ಸಾಲು) ಬದಲಾಯಿಸಿಕೊಳ್ಳಿ. ಡಬ್ಬಿಯಿಂದ ಬಂದ ಹಾಗೇ 192.168.1 ಇದ್ದರೆ, ನೀವು ಹೋದ ಕಡೆಯ ವೈಫೈಯೂ ಅದೇ ಆಗಿರುವ ಸಾಧ್ಯತೆ ಜಾಸ್ತಿ. ವಿಪಿಎನ್ ಸಿಕ್ಕಿದರೂ, ಸರ್ವರ್‌ನ ಮನೆಯ ವಿಳಾಸ ಹಾಕಿದಾಗ ಫೋನ್ ಅಲ್ಲೇ ಹುಡುಕುತ್ತದೆ, ನಿಮ್ಮ ಮನೆಯಲ್ಲಿ ಹುಡುಕುವುದಿಲ್ಲ. 10.37.20 ಅಂತ ಏನಾದರೂ ಯಾರೂ ಇಡದ ಸಂಖ್ಯೆ ಇಡಿ. ಸಾಧನಗಳು ಕಡಿಮೆ ಇರುವಾಗ ಇದು ಸುಲಭ.

ಲೋಡ್‌ಆವರೇಜ್
ಹಳೆಯ ಡೆಸ್ಕ್‌ಟಾಪ್ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಅಳೆದಿದ್ದೀರಾ? ಸುಮ್ನೆ ಕೂತಿರುವಾಗ 60 ವ್ಯಾಟ್ ಅಂದರೂ ವರ್ಷಕ್ಕೆ 525 ಯೂನಿಟ್. ಇಂಟೆಲ್ ಎನ್100 ಇರುವ ಮಿನಿ ಪಿಸಿ 8 ವ್ಯಾಟ್‌ನಲ್ಲಿ ಕೂತರೆ 70 ಯೂನಿಟ್. ಜೆಲ್ಲಿಫಿನ್‌ಗೆ ಬೇಕಾದ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್ (ವಿಡಿಯೋವನ್ನು ಚಿಪ್‌ನಲ್ಲೇ ಬೇರೆ ರೂಪಕ್ಕೆ ಬದಲಾಯಿಸುವುದು) ಕೂಡ ಅದರಲ್ಲಿ ಇದೆ.

ಇರುಳುಗೂಬೆ
ಇರುವ ಯಂತ್ರ ಬಿಸಾಕಿ ಹೊಸದು ತಗೋ ಅನ್ನುವುದು ಸರಿಯಲ್ಲ. ಅಳೆಯಲಿ ಮೊದಲು. ಹಳೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನು ಕಿತ್ತರೇ ಎಷ್ಟೋ ಇಳಿಯುತ್ತದೆ. ಸರ್ವರ್‌ಗೆ ಅದು ಬೇಕಾಗಿಯೂ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಸಾಟಾ ಪೋರ್ಟ್‌ಗಳಿವೆ, ಡಿಸ್ಕ್ ಒಳಗೇ ಕೂರುತ್ತದೆ. ಮಿನಿ ಪಿಸಿಯಲ್ಲಿ ಮತ್ತೆ ಯುಎಸ್‌ಬಿ ಡಿಸ್ಕ್, ಮತ್ತೆ ಅಕ್ಕ ಹೇಳಿದ ಅದೇ ಕುಣಿಕೆ.

ಲೋಡ್‌ಆವರೇಜ್
ಸಾಟಾ ವಿಷಯ ಒಪ್ಪಿದೆ.

ಸುದ್ದಿಗಾರ
ಇದೇ ಸರ್ವರ್‌ನಲ್ಲಿ ಪೈಹೋಲ್ (ಜಾಹೀರಾತಿನ ಹೆಸರುಗಳನ್ನು ತಡೆಯುವ ಡಿಎನ್‌ಎಸ್, ಅಂದರೆ ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಕೂಡ ಹಾಕಿ, ಮನೆಗೆಲ್ಲ ಜಾಹೀರಾತು ಕಡಿಮೆ ಆಗುತ್ತದೆ. ರೂಟರ್‌ನಲ್ಲಿ ಮೊದಲ ಡಿಎನ್‌ಎಸ್ ಪೈಹೋಲ್, ಎರಡನೆಯದು ಗೂಗಲ್‌ನ 8.8.8.8 ಕೊಡಿ. ಸರ್ವರ್ ಬಿದ್ದರೂ ನೆಟ್ ನಡೆಯುತ್ತದೆ.

ಪ್ಯಾಕೆಟ್‌ಪಯಣ
ಅದು ಹಾಗೆ ನಡೆಯುವುದಿಲ್ಲ. ಮೊದಲನೆಯದು ಕೆಟ್ಟಾಗ ಮಾತ್ರ ಎರಡನೆಯದನ್ನು ಕೇಳಬೇಕು ಅನ್ನುವ ಕಟ್ಟುಪಾಡು ಸಾಧನಗಳಿಗೆ ಇಲ್ಲ. ಎಷ್ಟೋ ಸಾಧನಗಳು ಎರಡನ್ನೂ ಕೇಳುತ್ತವೆ. ಜಾಹೀರಾತು ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಕೊಟ್ಟರೆ ಎರಡೂ ಪೈಹೋಲ್ ಆಗಿರಬೇಕು, ಇನ್ನೊಂದು ಯಾವುದಾದರೂ ಸಣ್ಣ ಸಾಧನದಲ್ಲಿ. ಒಂದೇ ಇದ್ದರೆ ಹೊಸಬರು ಸ್ವಲ್ಪ ತಡೆಯುವುದು ಒಳ್ಳೆಯದು. ಸರ್ವರ್‌ನಲ್ಲಿ ಏನೋ ಅಪ್‌ಡೇಟ್ ಮಾಡುವಾಗ ಇಡೀ ಮನೆಗೆ ನೆಟ್ ಹೋಗುತ್ತದೆ, ಆಮೇಲೆ ಸರ್ವರ್ ಬೇಡವೇ ಬೇಡ ಅನ್ನುತ್ತಾರೆ ಮನೆಯವರು.

ಹೊಸಗೂಡು
ಟೇಲ್‌ಸ್ಕೇಲ್ ಹಾಕಿದೆ, ಮೊಬೈಲ್ ಡೇಟಾದಿಂದ ಇಮ್ಮಿಚ್ ತೆರೆಯಿತು. ರೂಟರ್‌ನ ಪೋರ್ಟ್ ಫಾರ್ವರ್ಡ್ ಅಳಿಸಿದ್ದೇನೆ. ಅದು ಕೊಟ್ಟ ವಿಳಾಸವೂ 100ರಿಂದಲೇ ಶುರುವಾಗುತ್ತದಲ್ಲ?

ಬೀಗದಕೈ
ಹೌದು, ಅದೇ 100.64ರ ಸಾಲು. ಮನೆಯ ಸಬ್‌ನೆಟ್‌ಗಳ ಜೊತೆ ಡಿಕ್ಕಿ ಆಗದು ಅಂತ ಅದನ್ನು ಆರಿಸಿಕೊಂಡಿದ್ದಾರೆ. ಹಾಗಾಗಿ ಆ್ಯಪ್‌ನಲ್ಲಿ ಆ ವಿಳಾಸವನ್ನೇ ಹಾಕಿದರೆ ಸಾಲುದೀಪ ಹೇಳಿದ ಸಬ್‌ನೆಟ್ ಗೊಂದಲವೂ ತಪ್ಪುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ ಮಾತ್ರ ಇಡಿ.

ಹೊಸಗೂಡು
ಆಯಿತು ಸರ್. ಕೊನೆಯದಾಗಿ ಯುಪಿಎಸ್ ಬಗ್ಗೆ. ಕರೆಂಟ್ ಹೋದಾಗ ಸರ್ವರ್ ತಾನೇ ಶಟ್‌ಡೌನ್ ಆಗಿ, ಬಂದಾಗ ತಾನೇ ಆನ್ ಆಗುವ ಹಾಗೆ ಮಾಡಬಹುದಾ?

ಡಿಸ್ಕಕ್ಕ
ಮಾಡಬಹುದು. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ತಗೊಂಡು ಸರ್ವರ್‌ಗೆ ಜೋಡಿಸಿ, ನಟ್ ಅನ್ನುವ ಪ್ಯಾಕೇಜ್ ಹಾಕಿ. ಬ್ಯಾಟರಿ ಕಡಿಮೆ ಆದಾಗ ಅದೇ ಶಟ್‌ಡೌನ್ ಮಾಡುತ್ತದೆ. ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗು ಅನ್ನುವ ಸೆಟ್ಟಿಂಗ್ ಹಾಕಿ. ರೂಟರ್ ಕೂಡ ಅದೇ ಯುಪಿಎಸ್‌ನಲ್ಲಿ ಇರಲಿ.

ತಂತಿಮನೆ
ಇಲ್ಲಿ ಒಂದು ಸೂಕ್ಷ್ಮ ಇದೆ ಅಕ್ಕ. ಸರ್ವರ್ ಶಟ್‌ಡೌನ್ ಆಗಿದೆ, ಯುಪಿಎಸ್‌ನಲ್ಲಿ ಇನ್ನೂ ಸ್ವಲ್ಪ ಬ್ಯಾಟರಿ ಇದೆ, ಅಷ್ಟರಲ್ಲಿ ಕರೆಂಟ್ ಬಂತು. ಆಗ ಸರ್ವರ್‌ಗೆ ಕರೆಂಟ್ ಹೋಗಿದ್ದೇ ಗೊತ್ತಾಗಿರುವುದಿಲ್ಲ. ಯುಪಿಎಸ್ ಉದ್ದಕ್ಕೂ ಕೊಡುತ್ತಲೇ ಇತ್ತಲ್ಲ. ಬಯಾಸ್ ಸೆಟ್ಟಿಂಗ್ ಕೆಲಸ ಮಾಡುವುದಿಲ್ಲ, ಸರ್ವರ್ ಆಫ್ ಆಗಿಯೇ ಉಳಿಯುತ್ತದೆ. ಅದಕ್ಕೆ ಶಟ್‌ಡೌನ್‌ನ ಕೊನೆಯಲ್ಲಿ ಯುಪಿಎಸ್‌ಗೂ ನೀನು ಔಟ್‌ಪುಟ್ ನಿಲ್ಲಿಸು ಅಂತ ನಟ್‌ನಿಂದ ಹೇಳಿಸಬೇಕು, ಕಿಲ್‌ಪವರ್ ಅಂತ ಇದೆ. ಕರೆಂಟ್ ಬಂದಿದ್ದರೂ ಒಂದು ಸಲ ಕತ್ತರಿಸಿ ಮತ್ತೆ ಕೊಡುತ್ತದೆ. ಎಲ್ಲ ಯುಪಿಎಸ್‌ಗಳೂ ಇದನ್ನು ಮಾಡುವುದಿಲ್ಲ, ಕೊಳ್ಳುವ ಮೊದಲು ನಟ್‌ನ ಸಾಧನಗಳ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ನೋಡಿಕೊಳ್ಳಿ.

ಡಿಸ್ಕಕ್ಕ
ಒಳ್ಳೆಯದು ಹೇಳಿದಿರಿ. ಹಾಕಿದ ಮೇಲೆ ಯುಪಿಎಸ್‌ನ ಪ್ಲಗ್ ಕಿತ್ತು, ಶಟ್‌ಡೌನ್ ಆಗುತ್ತಿರುವಾಗಲೇ ಮತ್ತೆ ಹಾಕಿ ಒಂದು ಸಲ ಪರೀಕ್ಷೆ ಮಾಡಿ.